ರೋಮ 1:20ರ ಅಪರೂಪದ ಗ್ರೀಕ್ ಪದ: ಅದು ಶಕ್ತಿಯಾ, ದೇವತ್ವವಾ?

ಪ್ರಶ್ನೆ (ಸಂಡೇ ಸ್ಕೂಲ್ ಟೀಚರ್, ಹುಬ್ಬಳ್ಳಿ):
ನಮಸ್ಕಾರ ಸರ್. ಮುಂದಿನ ವಾರ ದೊಡ್ಡ ಮಕ್ಕಳಿಗೆ ರೋಮಾಪುರದವರಿಗೆ ಬರೆದ ಪತ್ರಿಕೆಯ 1:20 ಪಾಠ ಮಾಡಬೇಕು. ದೇವರ "ನಿತ್ಯಶಕ್ತಿಯೂ ದೇವತ್ವವೂ" ಆತನ ಸೃಷ್ಟಿಯಲ್ಲಿ ಕಾಣಬರುತ್ತವೆ ಎಂದು ಅಲ್ಲಿದೆ. ಮೊನ್ನೆ ಚರ್ಚಿನ ಒಂದು ಪ್ರಸಂಗದಲ್ಲಿ, ಈ "ದೇವತ್ವ"ಕ್ಕೆ ಮೂಲದಲ್ಲಿ ಬಹಳ ಅಪರೂಪದ ಪದ ಇದೆ, ಅದರ ನಿಜವಾದ ಅರ್ಥ "ದೈವಶಕ್ತಿ" ಅಂದರು. ಮೊಬೈಲಿನ ಬೈಬಲ್ ಆ್ಯಪ್‌ನಲ್ಲಿ ಒತ್ತಿ ನೋಡಿದೆ. ಇಲ್ಲಿ ಸ್ಟ್ರಾಂಗ್ ನಂಬರ್ (ಬೈಬಲಿನ ಪ್ರತಿ ಮೂಲಪದಕ್ಕೆ ಕೊಟ್ಟ ಕ್ರಮಸಂಖ್ಯೆ) 2305 ಬಂತು, ಕೊಲೊಸ್ಸೆ 2:9ರಲ್ಲಿ 2320. ಎರಡು ಪದವೂ ನೋಡೋಕೆ ಒಂದೇ ಥರ ಇವೆ. ಬೇರೆ ಬೇರೆ ಅರ್ಥವಾ? ಮಕ್ಕಳಿಗೆ ತಪ್ಪು ಹೇಳಬಾರದು ಅಂತ ಕೇಳುತ್ತಿದ್ದೇನೆ.

ಉತ್ತರ (ಗ್ರೀಕ್ ಅಧ್ಯಾಪಕ, ಥಿಯಾಲಜಿ ಕಾಲೇಜು):
ಟೀಚರ್, ಪಾಠಕ್ಕೆ ಮುಂಚೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಪ್ರಸಂಗದಲ್ಲಿ ಹೇಳಿದ್ದು ಅರ್ಧ ಸರಿ. ಪದ ಅಪರೂಪದ್ದೇ. ಹೊಸ ಒಡಂಬಡಿಕೆ ಪೂರ್ತಿ ಹುಡುಕಿದರೂ ಈ ಒಂದು ವಚನದಲ್ಲಿ ಮಾತ್ರ ಸಿಗುತ್ತದೆ. ಹಳೆಯ ಗ್ರೀಕ್ ಬೈಬಲಿಗೆ ಸೇರಿದ, ಕಥೋಲಿಕರು ಓದುವ ಸೊಲೊಮೋನನ ಜ್ಞಾನಗ್ರಂಥದ 18:9ರಲ್ಲಿ, ಇನ್ನೊಮ್ಮೆ ಬರುತ್ತದೆ. ಆದರೆ ಅದರ ಅರ್ಥ "ಶಕ್ತಿ" ಅಲ್ಲ. ಶಕ್ತಿಗೆ ಅದೇ ಸಾಲಿನಲ್ಲಿ "ಡುನಾಮಿಸ್" ಎಂಬ ಬೇರೆ ಪದವೇ ಇದೆ. ನಮ್ಮ ಬೈಬಲಿನ "ನಿತ್ಯಶಕ್ತಿ" ಬಂದಿರುವುದು ಅಲ್ಲಿಂದ.

ನೀವು ಕೇಳಿದ ಪದ "ಥೆಯ್‌ಓಟೇಸ್". ಕೊಲೊಸ್ಸೆಯಲ್ಲಿರುವುದು "ಥೆಓಟೇಸ್". ಮೊದಲನೆಯದಕ್ಕೆ ಗ್ರೀಕಿನಲ್ಲಿ 7 ಅಕ್ಷರ, ಎರಡನೆಯದಕ್ಕೆ 6. ನಡುವಿನ "ಇಯೋಟ" (ನಮ್ಮ "ಇ" ಇದ್ದ ಹಾಗೆ) ಎಂಬ ಅಕ್ಷರ ಒಂದೇ ಹೆಚ್ಚು. ಹುಟ್ಟು ಮಾತ್ರ ಬೇರೆ. "ಥೆಓಸ್" ಅಂದರೆ ದೇವರು, ಅದರಿಂದ ಥೆಓಟೇಸ್. "ಥೆಯ್‌ಓಸ್" ಅಂದರೆ ದೈವಿಕ, ಅದರಿಂದ ಥೆಯ್‌ಓಟೇಸ್. ಕನ್ನಡದಲ್ಲೂ ಹೀಗೇ ಅಲ್ವಾ? ದೇವರಾಗಿರುವುದು ದೇವತ್ವ, ದೈವಿಕವಾಗಿರುವುದು ದೈವಿಕತೆ.

ಮಕ್ಕಳಿಗೆ ಹೇಳುವಾಗ "ಕಳೆ" ಎಂಬ ಮಾತು ಬಳಸಿ ನೋಡಿ. ರಾಜನಾಗಿರುವುದು ಒಂದು, ಮುಖದಲ್ಲಿ ಕಾಣುವ ರಾಜಕಳೆ ಇನ್ನೊಂದು. ಥೆಯ್‌ಓಟೇಸ್ ಈ ಕಳೆಯ ಕಡೆಯ ಪದ. ಹೊರಗೆ ನಿಂತವನಿಗೂ "ಇದು ದೇವರ ಕೆಲಸ" ಅನ್ನಿಸುವ ಗುಣ ಅದು. ಥೆಓಟೇಸ್ ಅಂದರೆ ದೇವರು ದೇವರಾಗಿರುವುದೇ.

ಈ ಪತ್ರಿಕೆಗಳನ್ನು ಬರೆದ ಪೌಲ ಎಲ್ಲಿ ಯಾವುದನ್ನು ಬಳಸಿದ ನೋಡಿ. ಕೊಲೊಸ್ಸೆಯಲ್ಲಿ ಮಾತು ಕ್ರಿಸ್ತನದು. ಅಲ್ಲಿ ದೇವತ್ವದ ಪೂರ್ಣತೆ ಎನ್ನಬೇಕು, ಕಳೆ ಎಂದರೆ ಸಾಲದು. ರೋಮಾಪುರದ ಪತ್ರಿಕೆಯಲ್ಲಿ ಮಾತು ಆಕಾಶ, ಭೂಮಿ ನೋಡುವ ಎಲ್ಲರದು. ಯೆಹೂದ್ಯರ ಧರ್ಮಶಾಸ್ತ್ರ ಓದದವರೂ ಅದರಲ್ಲಿ ಸೇರಿದರು. ಸೃಷ್ಟಿ ನೋಡಿ ಎಷ್ಟು ತಿಳಿಯಬಹುದೋ ಅಷ್ಟನ್ನೇ ಹೇಳುವ ಪದ ಅಲ್ಲಿದೆ. ಅಥೇನೆಯ ಜನರ ಮುಂದೆಯೂ ಪೌಲ ಹೀಗೇ ಮಾಡಿದ್ದಾನೆ. ಅಪೊಸ್ತಲರ ಕೃತ್ಯಗಳು 17:29ರಲ್ಲಿ ಅವನು "ಥೆಯ್‌ಓನ್" ಅನ್ನುತ್ತಾನೆ, ಅಂದರೆ "ದೈವಿಕವಾದದ್ದು". ಅವರ ಬಾಯಲ್ಲೇ ಓಡಾಡುತ್ತಿದ್ದ ಮಾತು ಅದು.

ಮರುಪ್ರಶ್ನೆ (ಅದೇ ಟೀಚರ್):
ಥ್ಯಾಂಕ್ಸ್ ಸರ್. ಹಾಗಾದರೆ ಇಂಗ್ಲಿಷ್ ಬೈಬಲಿನಲ್ಲಿ ಎರಡು ಕಡೆಯೂ "ಗಾಡ್‌ಹೆಡ್" ಅಂತ ಯಾಕಿದೆ?

ಉತ್ತರ:
1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಹಾಗಿದೆ. ಅಪೊಸ್ತಲರ ಕೃತ್ಯಗಳು 17:29ರಲ್ಲೂ ಅದೇ ಪದ. ಮೂರು ಬೇರೆ ಪದಗಳಿಗೆ ಒಂದೇ ಇಂಗ್ಲಿಷ್ ಪದ! ಲ್ಯಾಟಿನ್ ಬೈಬಲಿನಲ್ಲೂ ರೋಮ, ಕೊಲೊಸ್ಸೆ ಎರಡಕ್ಕೂ "ದಿವಿನಿತಾಸ್" ಎಂದೇ ಇದೆ. ಅದು ಸಾಲದು ಅನ್ನಿಸಿದವರು ಆಗಲೂ ಇದ್ದರು. ಥೆಓಟೇಸ್‌ಗೆ ಇನ್ನೂ ಹತ್ತಿರವಾಗಲಿ ಎಂದು ಲ್ಯಾಟಿನ್ ಬರೆಯುವ ನಮ್ಮವರು ಈಗ "ದೆಯಿತಾಸ್" ಎಂಬ ಪದ ಬಳಸಲು ಹಿಂಜರಿಯುವುದಿಲ್ಲ ಎಂದು 5ನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಅಗಸ್ಟೀನ್ ಬರೆದಿದ್ದಾನೆ. ಒಂದು ಪದ ಸರಿಯಾಗಿ ಬರಲಿ ಅಂತ ಎಷ್ಟು ಕಾಳಜಿ ನೋಡಿ. ನನಗೆ ಇದನ್ನು ಓದಿದಾಗಲೆಲ್ಲ ಖುಷಿಯಾಗುತ್ತದೆ.

ಪ್ರಶ್ನೆ (ಯುವಜನ ಕೂಟದ ಒಬ್ಬರು):
ಸರ್, ಡುನಾಮಿಸ್ ಅಂದರೆ ಡೈನಮೈಟ್, ದೇವರ ಶಕ್ತಿ ಸಿಡಿಯುವ ಶಕ್ತಿ ಅಂತ ನಾವು ಕೂಟದಲ್ಲಿ ಹೇಳುತ್ತಿರುತ್ತೇವೆ. ಇದು ಸರಿನಾ?

ಉತ್ತರ:
ದಯವಿಟ್ಟು ಬಿಟ್ಟುಬಿಡಿ ತಮ್ಮಾ. ಆಲ್ಫ್ರೆಡ್ ನೊಬೆಲ್ ಡೈನಮೈಟಿಗೆ ಪೇಟೆಂಟ್ ಪಡೆದದ್ದು 1867ರಲ್ಲಿ. ಗ್ರೀಕ್ ಪದ ತೆಗೆದುಕೊಂಡು ಹೆಸರಿಟ್ಟವನು ಅವನು. ಪೌಲ ಈ ಪತ್ರಿಕೆ ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. ಅವನ ಮನಸ್ಸಿನಲ್ಲಿ ಸಿಡಿತ ಇರಲು ಸಾಧ್ಯವೇ ಇಲ್ಲ. ಈ ವಚನದಲ್ಲಿ ಡುನಾಮಿಸ್ ಪಕ್ಕ ಇರುವುದು "ಆಇದಿಓಸ್", ಅಂದರೆ ನಿತ್ಯವಾದದ್ದು. ಅದೂ ಅಪರೂಪದ್ದೇ. ಇದನ್ನು ಬಿಟ್ಟರೆ ಯೂದನ ಪತ್ರಿಕೆ 6ನೇ ವಚನದಲ್ಲಿ ಮಾತ್ರ ಇದೆ. ಡೈನಮೈಟ್ ಒಂದು ಸಲ ಸಿಡಿದರೆ ಮುಗಿಯಿತು. ಇಲ್ಲಿ ಹೇಳುತ್ತಿರುವುದು ಮುಗಿಯದ ಶಕ್ತಿ, ಮಳೆ ಬೆಳೆಯನ್ನು ವರ್ಷ ವರ್ಷ ನಡೆಸುವ ಶಕ್ತಿ.

ಇನ್ನೊಂದು ವಿಷಯ. ಗ್ರೀಕಿನಲ್ಲಿ ಶಕ್ತಿ, ದೈವಿಕತೆ ಎರಡಕ್ಕೂ ಸೇರಿ ಒಂದೇ ಆರ್ಟಿಕಲ್ (ಇಂಗ್ಲಿಷಿನ "ದ" ಥರದ ಪದ) ಇದೆ. ಜೋಡಿಯಾಗಿ ಕಟ್ಟಿದ ಹಾಗೆ. ಪ್ರಸಂಗ ಮಾಡಿದವರಿಗೆ "ದೈವಶಕ್ತಿ" ಅನ್ನಿಸಿದ್ದು ಬಹುಶಃ ಇದರಿಂದಲೇ. ಜೋಡಿ ನಿಜ, ಆದರೆ ಎರಡನ್ನೂ ಒಂದೇ ಮಾಡಬಾರದು.

ಪ್ರಶ್ನೆ (ಮಂಗಳೂರಿನ ಒಬ್ಬ ಓದುಗರು):
ಸರ್, ನಮ್ಮ ಕಡೆ "ದೈವ" ಅಂದರೆ ಪಂಜುರ್ಲಿ, ಗುಳಿಗ. "ದೈವಿಕತೆ" ಅಂದರೆ ಮಕ್ಕಳಿಗೆ ಕೋಲವೇ ನೆನಪಾಗಬಹುದು. ಏನು ಮಾಡೋದು?

ಉತ್ತರ:
ನಿಜ, ತುಳುನಾಡಿನಲ್ಲಿ ಈ ತೊಡಕು ಇದ್ದೇ ಇದೆ. ಪೌಲನ ಪದಕ್ಕೂ ಇಂಥದೇ ತೊಡಕು ಇತ್ತು. 2ನೇ ಶತಮಾನದ ಎಫೆಸದ ಒಂದು ಶಾಸನದಲ್ಲಿ ಅರ್ತೆಮಿ ದೇವಿಯ ಮಹಿಮೆಗೆ ಇದೇ ಥೆಯ್‌ಓಟೇಸ್ ಬಳಸಿದ್ದಾರೆ. ಸುತ್ತಲಿನ ಎಲ್ಲರ ಪದವನ್ನೇ ಪೌಲ ತೆಗೆದುಕೊಂಡ. ಆದರೆ "ಆತನ" ಎಂದು ಸೇರಿಸಿ, ಅದು ಸೃಷ್ಟಿಕರ್ತನದು ಎಂದು ಹೇಳಿಬಿಟ್ಟ. ನಿಮ್ಮಲ್ಲಿ "ಆತನ ದೇವತ್ವ" ಎಂದು ಬೈಬಲಿನಲ್ಲಿ ಇರುವ ಹಾಗೆಯೇ ಓದಿಸಿ, ಆಮೇಲೆ ಕಳೆಯ ಹೋಲಿಕೆ ಹೇಳಿ. ಸಾಕಾಗುತ್ತದೆ.

ಟೀಚರ್, ನಿಮಗೆ ಒಂದು ಕೊನೆಯ ಮಾತು. ಒಮ್ಮೆ ಮಾತ್ರ ಬರುವ ಪದದ ಮೇಲೆ ಜಾಸ್ತಿ ಭಾರ ಹಾಕಬೇಡಿ. ವಚನವನ್ನೇ ಗಟ್ಟಿಯಾಗಿ ಓದಿಸಿ. ಗ್ರೀಕಿನಲ್ಲಿ "ಕಾಣದ್ದು ಚೆನ್ನಾಗಿ ಕಾಣುತ್ತದೆ" ಎಂಬ ಪದಗಳ ಆಟ ಇದೆ. ನಮ್ಮ ಬೈಬಲಿನಲ್ಲೂ "ಕಾಣದಿರುವ" ಎಂದು ಶುರುವಾಗಿ "ಕಾಣಬರುತ್ತವೆ" ಎಂದು ಮುಗಿಯುತ್ತದೆ. ಆ ಎರಡು ಪದಗಳ ಕೆಳಗೆ ಮಕ್ಕಳಿಂದಲೇ ಗೆರೆ ಎಳೆಸಿ.