ರೈಲಿಲ್ಲದ ಜಿಲ್ಲೆಯಲ್ಲಿ ರೈಲಿನ ಸದ್ದು: ಮನೋವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ನಮ್ಮ ಕೊಡಗು ಜಿಲ್ಲೆಯ ಹುಡುಗನೊಬ್ಬ ಹೊರ ಊರಿನಲ್ಲಿ ರೈಲು ಹಳಿಯ ಮೇಲೆ ಸತ್ತ ಸುದ್ದಿ ಹೋದ ವಾರ ಬಂತಲ್ಲ, ಆಗ ನಮ್ಮ ಈ ಗುಂಪಿನಲ್ಲಿ ಬಂದ ಮಾತುಗಳು ಇವು: ‘ಹೇಡಿ’, ‘ಹೆತ್ತವರ ಮುಖ ನೋಡಬಾರದಿತ್ತೇ’, ‘ಇವನಿಂದಾಗಿ ನನ್ನ ಅಕ್ಕನ ಗಾಡಿ ಎರಡು ಗಂಟೆ ತಡ’. ಕೆಲವನ್ನು ಅಳಿಸಿದ್ದೇನೆ. ಮಡಿಕೇರಿಯಲ್ಲಿ ರೋಗಿಗಳನ್ನು ನೋಡುವ ಮನೋವೈದ್ಯೆಯೊಬ್ಬರು ಇಂದು ಸಂಜೆ ಐದರಿಂದ ಏಳರವರೆಗೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಸಂದೇಶ ಬೇಡ.

ಡಾಕ್ಟರ್: ನಮಸ್ಕಾರ. ಯಾರಿಗಾದರೂ ಈ ಹೊತ್ತಿನಲ್ಲೇ ಬದುಕು ಬೇಡ ಎನಿಸುತ್ತಿದ್ದರೆ ಇಲ್ಲಿ ಬರೆದು ನನ್ನ ಉತ್ತರಕ್ಕೆ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಸರ್ಕಾರದ್ದು, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಮನೆಯಲ್ಲಿ ಇನ್ನೊಬ್ಬರು ಇದ್ದರೆ ಅವರನ್ನು ಈಗಲೇ ಎಬ್ಬಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಇನ್ನು ಕೇಳಿ.

ಸುಂಟಿಕೊಪ್ಪ: ನಾದಿನಿಯ ಮಗಳು ಮಾತುಮಾತಿಗೆ ‘ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ’ ಎನ್ನುತ್ತಾಳೆ. ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಇಲ್ಲದ್ದನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ?

ಡಾಕ್ಟರ್: ಇಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇರುವವರಿಗೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. ಸುತ್ತಿ ಬಳಸಿ ಬೇಡ, ‘ಸಾಯುವ ಯೋಚನೆ ಬರುತ್ತಿದೆಯೇ’ ಎಂದೇ ಕೇಳಿ. ಹೌದು ಎಂದರೆ ಬುದ್ಧಿ ಹೇಳಲು ಹೋಗಬೇಡಿ. ಒಬ್ಬಳನ್ನೇ ಬಿಡಬೇಡಿ. ನಾಳೆಯೇ ಕರೆದುಕೊಂಡು ಬನ್ನಿ.

ಗೋಣಿಕೊಪ್ಪ ಬೆಳೆಗಾರ: ಮನಸ್ಸಿನ ಕಾಯಿಲೆಯ ಮಾತ್ರೆ ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡಲಾಗುವುದಿಲ್ಲವಂತೆ, ನಿಜವೇ?

ಡಾಕ್ಟರ್: ಎಲ್ಲರಿಗೂ ಅಲ್ಲ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಆದರೆ ದಿಢೀರನೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಇಳಿಸಬೇಕು.

ಮೂರ್ನಾಡು: ಮಗ ದ್ವಿತೀಯ ಪಿಯುಸಿ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡು ವಿಷಯ ಹೋಗಿವೆ. ಕೋಣೆಯಿಂದ ಹೊರಗೆ ಬರುತ್ತಿಲ್ಲ. ಏನು ಮಾಡಲಿ?

ಶನಿವಾರಸಂತೆ ಅಕ್ಕ: ಡಾಕ್ಟರಮ್ಮ, ಚಿಕ್ಕದಾಗಿ ಬರೆಯಲು ಆಗುತ್ತಿಲ್ಲ, ಕ್ಷಮಿಸಿ. ನನ್ನ ಯಜಮಾನರು ರೈಲು ಓಡಿಸುವ ಲೋಕೋ ಪೈಲಟ್. ಏಳು ವಾರದ ಹಿಂದೆ ಅವರ ಗಾಡಿಗೆ ಒಬ್ಬರು ಅಡ್ಡ ಬಂದು ಹೋಗಿಬಿಟ್ಟರು. ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಅದು ಮೂರನೆಯದಂತೆ, ಹಿಂದಿನ ಎರಡನ್ನು ನನಗೆ ಹೇಳಿಯೇ ಇರಲಿಲ್ಲ. ರಜೆ ಹಾಕಿ ಊರಿಗೆ ಬಂದಿದ್ದಾರೆ. ಇಲ್ಲಿ ರೈಲಿನ ಸುಳಿವೂ ಇಲ್ಲ, ನಾಲ್ಕು ದಿನ ತೋಟದಲ್ಲಿ ಓಡಾಡಿದರೆ ಸರಿಹೋಗುತ್ತದೆ ಎಂದುಕೊಂಡೆವು. ಪಕ್ಕದ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಶುರುವಾಯಿತೆಂದರೆ ನಿದ್ದೆಯಿಂದ ಎದ್ದು ಕುಳಿತುಬಿಡುತ್ತಾರೆ. ಮೊನ್ನೆ ಕಣದಲ್ಲಿ ಕಾಫಿ ಹರಡುತ್ತಿದ್ದಾಗ ಮಗ ಓಡಿಬಂದು ಅಡ್ಡ ನಿಂತ. ಇವರು ಕೈಯಲ್ಲಿದ್ದ ಹಲುಬೆಯನ್ನು ಬಿಸಾಡಿ, ಗಾಳಿಯಲ್ಲಿ ಏನನ್ನೋ ಹಿಡಿದು ಎಳೆದರು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಕಣದಲ್ಲೇ ಕುಳಿತು ಅತ್ತರು. ಅತ್ತೆಯವರು ಸತ್ತವನ ಆತ್ಮ ಹಿಡಿದಿದೆ, ಕಣಿ ಕೇಳಿಸೋಣ ಎನ್ನುತ್ತಿದ್ದಾರೆ. ಭಾವ ‘ಸತ್ತವನ ಮನೆಯವರಿಗಿಂತ ಇವನದೇ ಹೆಚ್ಚಾಯಿತು’ ಎನ್ನುತ್ತಾರೆ.

ಡಾಕ್ಟರ್: ಇದಕ್ಕೆ ವಿವರವಾಗಿ ಬರೆಯುತ್ತೇನೆ. ಅದಕ್ಕೆ ಮೊದಲು ಮೂರು ಪ್ರಶ್ನೆ. ಕುಡಿಯುತ್ತಾರೆಯೇ, ಎಷ್ಟು? ತಾವೇ ಸಾಯುವ ಮಾತು ಆಡಿದ್ದಾರೆಯೇ? ಮನೆಯಲ್ಲಿ ಕೋವಿ ಇದೆಯೇ?

ಕಾಫಿ ಹೂ: ನಿದ್ದೆ ಬಾರದವರಿಗೆ ಒಂದು ಅನುಭವದ ಮದ್ದು ಬಂದಿದೆ, ಹಂಚುತ್ತಿದ್ದೇನೆ: ಬಿಸಿನೀರಿಗೆ ಎರಡು ಮುಚ್ಚಳ ಬ್ರಾಂಡಿ, ಜೇನು, ಜಜ್ಜಿದ ಕರಿಮೆಣಸು. ಹನ್ನೊಂದು ದಿನ. ಜೊತೆಗೆ ಬ್ರಾಹ್ಮಿ ಕಷಾಯ. ಇಂಗ್ಲಿಷ್ ಮಾತ್ರೆಗಳನ್ನು ಅದೇ ದಿನ ನಿಲ್ಲಿಸಬೇಕು.

ಡಾಕ್ಟರ್: ನಿರ್ವಾಹಕರೇ, ಅದನ್ನು ಅಳಿಸಿ. ಈ ಜಿಲ್ಲೆಯಲ್ಲಿ ಶೀತಕ್ಕೂ ಬ್ರಾಂಡಿ, ದುಃಖಕ್ಕೂ ಬ್ರಾಂಡಿ. ಕುಡಿತ ನಿದ್ದೆಯನ್ನು ಕೊಡುವುದಿಲ್ಲ, ನಡುರಾತ್ರಿ ಮೂರಕ್ಕೆ ಎಬ್ಬಿಸಿ ಕೂರಿಸುತ್ತದೆ. ನಿದ್ದೆ ಮಾತ್ರೆಯ ಮೇಲೆ ಕುಡಿದರೆ ಪ್ರಾಣಕ್ಕೆ ಅಪಾಯ. ‘ಅದೇ ದಿನ ನಿಲ್ಲಿಸಬೇಕು’ ಎಂದು ಬರೆದ ಪುಣ್ಯಾತ್ಮ ಯಾರೋ, ಆತ ನಿಲ್ಲಿಸಿದ ಮಾತ್ರೆಯ ಫಲ ನೋಡಬೇಕಾದವಳು ನಾನು.

ಶನಿವಾರಸಂತೆ ಅಕ್ಕ: ಮೊದಲು ಹಬ್ಬಕ್ಕೆ ಮಾತ್ರ. ಈಗ ದಿನಾ ರಾತ್ರಿ ಮೂರು ಪೆಗ್. ‘ಆ ಮನುಷ್ಯನ ಜೊತೆ ನಾನೂ ಹೋಗಿಬಿಟ್ಟಿದ್ದರೆ’ ಎಂದು ಒಮ್ಮೆ ಹೇಳಿದ್ದಾರೆ. ಮಾವನವರ ಕೋವಿ ಇದೆ, ಕಾಡುಹಂದಿಯಿಂದ ತೋಟ ಕಾಯಲು ಪರವಾನಗಿ ತೆಗೆದದ್ದು.

ಡಾಕ್ಟರ್: ಕೋವಿ ಇಂದೇ ಮನೆಯಿಂದ ಹೊರಗೆ ಹೋಗಬೇಕು. ಚುನಾವಣೆ ಬಂದಾಗ ಠಾಣೆಯಲ್ಲಿ ಜಮೆ ಇಡುತ್ತೀರಲ್ಲ, ಹಾಗೆ ಇಡಲಾದೀತೇ ಎಂದು ಮಾವನವರು ಈಗಲೇ ಠಾಣೆಗೆ ಹೋಗಿ ವಿಚಾರಿಸಲಿ. ಕಾರಣ ಕೇಳಿದರೆ ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲ ಎಂದರೆ ಸಾಕು. ತೋಟದ ಔಷಧಿ ಕೋಣೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಬಳಿ ಇರಲಿ. ಇದು ಅವರ ಮೇಲಿನ ಅನುಮಾನವಲ್ಲ. ಸಾಯಬೇಕು ಎನಿಸುವ ಗಳಿಗೆ ಬಹಳ ಜನರಲ್ಲಿ ಅಲೆಯಂತೆ ಬಂದು ಇಳಿಯುತ್ತದೆ, ಇಳಿಯುವವರೆಗೆ ಕೈಗೆ ಏನೂ ಸಿಗಬಾರದು, ಅಷ್ಟೇ.

ಇನ್ನು ಕಾಯಿಲೆಯ ಮಾತು. ಇಂಥದ್ದನ್ನು ಕಣ್ಣಾರೆ ಕಂಡವರಿಗೆ ಮೊದಲ ಕೆಲವು ವಾರ ನಿದ್ದೆಗೆಡುವುದು, ಬೆಚ್ಚುವುದು ಸಹಜ, ಬಹಳಷ್ಟು ಜನರಿಗೆ ತಾನಾಗಿ ಇಳಿಯುತ್ತದೆ. ತಿಂಗಳು ದಾಟಿಯೂ ಇಳಿಯದಿದ್ದರೆ ಚಿಕಿತ್ಸೆ ಬೇಕು. ನಿಮ್ಮ ಮನೆಯಲ್ಲಿ ಏಳು ವಾರವಾಗಿದೆ. ಆಘಾತದ ನಂತರ ಬರುವ ಒತ್ತಡದ ಕಾಯಿಲೆ ಇದು ಎಂಬ ಅನುಮಾನ ನನ್ನದು, ನೋಡಿದ ಮೇಲೆಯೇ ಖಚಿತವಾಗಿ ಹೇಳುತ್ತೇನೆ. ಮಾಮೂಲಿ ನೆನಪು ದಿನ ಕಳೆದಂತೆ ಮಾಸುತ್ತದೆ. ಇದು ಮಾಸುವುದಿಲ್ಲ. ಪಲ್ಪರ್ ಸದ್ದು ಕಿವಿಗೆ ಬಿದ್ದರೆ ಸಾಕು, ಅವರು ಪುನಃ ಇಂಜಿನ್ನಿನಲ್ಲಿದ್ದಾರೆ. ಕಣದಲ್ಲಿ ಅವರ ಕೈ ಎಳೆದದ್ದು ಬ್ರೇಕನ್ನು. ಆತ್ಮ ಹಿಡಿದದ್ದಲ್ಲ ಅದು, ಹದಿನಾಲ್ಕು ವರ್ಷದ ಅಭ್ಯಾಸದ ಕೈ.

‘ಹಾರ್ನ್ ಇನ್ನೂ ಮೊದಲೇ ಹೊಡೆಯಬೇಕಿತ್ತು’ ಎಂದು ಅವರು ಹೇಳಿರಬೇಕು. ಹೇಳಿಲ್ಲದಿದ್ದರೆ ಒಳಗೆ ಇಟ್ಟುಕೊಂಡಿದ್ದಾರೆ. ಇಂಥ ಕೆಲಸದಲ್ಲಿರುವ ಇಬ್ಬರನ್ನು ಹಿಂದೆ ನೋಡಿದ್ದೇನೆ, ಇಬ್ಬರೂ ಹೆಚ್ಚುಕಡಿಮೆ ಇದೇ ವಾಕ್ಯ ಹೇಳಿದರು. ಬಸ್ಸಿನ ಚಾಲಕನಿಗೆ ಪಕ್ಕಕ್ಕೆ ಎಳೆಯಲು ಸ್ಟೀರಿಂಗ್ ಆದರೂ ಇರುತ್ತದೆ, ಇವರಿಗೆ ಅದೂ ಇಲ್ಲ. ಕಣ್ಣು ಮುಚ್ಚದೆ ನೋಡುತ್ತಾ ಕುಳಿತಿರಬೇಕು. ನಾವೆಲ್ಲ ‘ಗಾಡಿ ತಡವಾಯಿತು’ ಎಂದು ಗೊಣಗುವಾಗ ಗಾಡಿಯ ತುದಿಯಲ್ಲಿ ಒಬ್ಬ ಮನುಷ್ಯ ಹೀಗೆ ಕುಳಿತಿದ್ದ ಎಂಬುದು ಯಾರ ನೆನಪಿಗೂ ಬರುವುದಿಲ್ಲ.

ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಆಘಾತದ ನೆನಪಿನ ಮೇಲೆಯೇ ಕೆಲಸ ಮಾಡುವ ಮಾತಿನ ಚಿಕಿತ್ಸೆ, ವಾರಕ್ಕೊಮ್ಮೆಯಂತೆ ಎಂಟರಿಂದ ಹನ್ನೆರಡು ಬಾರಿ. ಬೇಕಾದರೆ ಮಾತ್ರೆ, ಅದರ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳುವವರಿದ್ದಾರೆ. ಅಂಗಡಿಯವರು ನಿದ್ದೆಗೆಂದು ಕೊಡುವ ಅಲ್‌ಪ್ರಜೋಲಾಮ್ ಮಾತ್ರೆ ಇದಕ್ಕೆ ಮದ್ದಲ್ಲ. ಕುಡಿತವನ್ನು ನಾನು ನೋಡಿದ ಮೇಲೆ ಇಳಿಸೋಣ, ಈಗ ಬೈಯಬೇಡಿ, ಬಾಟಲಿ ಒಡೆಯಬೇಡಿ. ಏನಾಯಿತು ಹೇಳು ಎಂದು ಬಲವಂತ ಮಾಡಬೇಡಿ. ತಾವಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ.

ಕೆಲಸದ ಭಯ ಇದ್ದೇ ಇರುತ್ತದೆ. ಬಹಳಷ್ಟು ಜನ ಗುಣವಾಗಿ ಕೆಲಸಕ್ಕೆ ಮರಳುತ್ತಾರೆ. ಗಾಡಿ ಓಡಿಸಲು ಆಗದೇ ಹೋದರೂ ಬೇರೆ ಹುದ್ದೆ ಕೊಡುವ ಪದ್ಧತಿ ರೈಲ್ವೆಯಲ್ಲಿದೆ, ಮೆಡಿಕಲ್ ಡಿಕ್ಯಾಟಗರೈಸೇಶನ್ ಎನ್ನುತ್ತಾರೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ಹಾಗೆ ಹೊರಹಾಕುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ, ಆ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ರೈಲ್ವೆ ವೈದ್ಯರಿಂದ ಮುಚ್ಚಿಟ್ಟು ಗಾಡಿ ಹತ್ತುವುದು ಮಾತ್ರ ಬೇಡ.

ಅತ್ತೆಯವರು ಕಣಿ ಕೇಳಿಸಲಿ, ನನ್ನ ಅಡ್ಡಿಯಿಲ್ಲ. ನನ್ನ ಬಳಿ ಬಂದ ಮೇಲೆ. ಭಾವನವರ ಮಾತಿಗೆ ಉತ್ತರ ಕೊಡುವುದಿಲ್ಲ, ಸಿಟ್ಟು ಬಂದಿದೆ.

ಚೆಟ್ಟಳ್ಳಿ: ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವರ ಮೇಲೆ ಪೊಲೀಸ್ ಕೇಸು ಬೀಳುತ್ತದೆಂದು ಆಸ್ಪತ್ರೆಗೇ ಕರೆದುಕೊಂಡು ಹೋಗಲು ಹೆದರುತ್ತಾರೆ.

ಡಾಕ್ಟರ್: ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ. ಶಿಕ್ಷೆ ವಿಧಿಸುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿಲ್ಲ.

ಭಾಗಮಂಡಲ ರಸ್ತೆ: ಒಂದು ಹೆಣ ನೋಡಿದ್ದಕ್ಕೆ ಗಂಡಸು ಕಣದಲ್ಲಿ ಕುಳಿತು ಅಳುವುದೇ? ನಮ್ಮ ಜಿಲ್ಲೆಯಿಂದ ಎಷ್ಟು ಜನ ಸೇನೆಗೆ ಹೋಗಿದ್ದಾರೆ, ಏನೆಲ್ಲ ನೋಡಿಲ್ಲ ಅವರು?

ನಿವೃತ್ತ ಸುಬೇದಾರ್: ಇಪ್ಪತ್ತೆರಡು ವರ್ಷ ನಾನು ಅಲ್ಲಿದ್ದೆ. ನೋಡಿದ್ದೇವೆ. ಕ್ಯಾಂಟೀನ್ ಬಾಟಲಿ ರಾತ್ರಿಗೆ ಮುಗಿಯುತ್ತಿದ್ದುದು ಯಾಕೆಂದುಕೊಂಡಿರಿ? ನನ್ನ ಹೆಂಡತಿ ಇಂದಿಗೂ ನನ್ನನ್ನು ಮುಟ್ಟಿ ಎಬ್ಬಿಸುವುದಿಲ್ಲ, ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ನಮ್ಮ ಹೆಸರು ಹೇಳಿಕೊಂಡು ಆ ಹೆಣ್ಣುಮಗಳಿಗೆ ಚುಚ್ಚಬೇಡಿ.

ಭಾಗಮಂಡಲ ರಸ್ತೆ: ನಾನು ಸಾಮಾನ್ಯವಾಗಿ ಹೇಳಿದ್ದು.

ಬೆಂಗಳೂರಿನಿಂದ: ಎಲ್ಲರೂ ಪಾಪ ಪಾಪ ಎನ್ನುತ್ತೀರಿ. ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವ ನಮ್ಮ ಕಷ್ಟ? ರೈಲಿಗೆ ತಲೆಕೊಟ್ಟವನಿಂದ ಸಾವಿರ ಜನಕ್ಕೆ ಅರ್ಧ ದಿನದ ಸಂಬಳ ಹೋಗುತ್ತದೆ. ಅದನ್ನು ಹೇಳುವುದು ತಪ್ಪೇ?

ಸುಂಟಿಕೊಪ್ಪ: ತಪ್ಪು.

ಬೆಂಗಳೂರಿನಿಂದ: ನಿಮಗೆ ಹಾಜರಿ ಯಂತ್ರಕ್ಕೆ ಬೆರಳು ಒತ್ತಬೇಕಾದ ಕಷ್ಟ ಗೊತ್ತಿಲ್ಲ.

ಡಾಕ್ಟರ್: ಸಂಬಳ ಹೋದ ಸಿಟ್ಟು ನ್ಯಾಯವೇ, ನಿಮ್ಮ ಕಚೇರಿಯವರೊಂದಿಗೆ ಜಗಳವಾಡಿ. ಆದರೆ ‘ತಲೆಕೊಟ್ಟ’ ಎಂಬ ಮಾತನ್ನು ಬಿಡಿ. ಪತ್ರಿಕೆಯವರು ಎಷ್ಟೋ ಕಾಲದಿಂದ ಬರೆದು ಬರೆದು ಸವೆಸಿದ ಮಾತು ಅದು, ಬಲಿ ಕೊಟ್ಟಂತೆ, ಸಾಹಸ ಮಾಡಿದಂತೆ ಕೇಳುತ್ತದೆ. ಸಾವಿನ ರೀತಿಯನ್ನು ವರ್ಣಿಸಬೇಡಿ, ತಲೆಬರಹದಲ್ಲಿ ಮೆರೆಸಬೇಡಿ ಎಂದು ಪ್ರೆಸ್ ಕೌನ್ಸಿಲ್ 2019ರಲ್ಲೇ ಹೇಳಿದೆ. ನಮ್ಮ ಗುಂಪಿನಲ್ಲಿ ಹೋದ ವಾರ ಫೋಟೋ ಕೂಡ ಹರಿದಾಡಿತಂತೆ. ಅದನ್ನು ಇಂಥದೇ ಯೋಚನೆಯಲ್ಲಿರುವ ಇನ್ನೊಬ್ಬ ಹುಡುಗ ನೋಡಿರುತ್ತಾನೆ. ‘ಹೇಡಿ’ ಎಂದು ನೀವು ಬರೆದದ್ದನ್ನೂ ಓದಿರುತ್ತಾನೆ. ಇನ್ನು ಅವನು ಯಾರ ಹತ್ತಿರ ಬಾಯಿ ಬಿಡುತ್ತಾನೆ?

ಕುಶಾಲನಗರ: ಅದಕ್ಕೇ ನಾವು ಮೈಸೂರು–ಕುಶಾಲನಗರ ರೈಲು ಬೇಡ ಎಂದದ್ದು. ರೈಲು ಬಂದರೆ ಇವೆಲ್ಲ ಬರುತ್ತವೆ.

ಹಾರಂಗಿ: 87 ಕಿಲೋಮೀಟರ್ ಮಾರ್ಗ ಕಾಗದದ ಮೇಲೆಯೇ ಓಡುತ್ತಿದೆ. ರೈಲಿಲ್ಲದ ಜಿಲ್ಲೆಯಲ್ಲಿ ಯಾರೂ ಸಾಯುತ್ತಿಲ್ಲವೇ?

ಕುಶಾಲನಗರ: ಕಾಡು ಹೋದ ಮೇಲೆ ಗೊತ್ತಾಗುತ್ತದೆ. ನಿಮಗೆ ಸೈಟು ಮಾರುವ ಅವಸರ.

ಹಾರಂಗಿ: ನನಗೆ ಸೈಟೂ ಇಲ್ಲ, ನಿಮ್ಮಷ್ಟು ತೋಟವೂ ಇಲ್ಲ. ತಾಯಿಯನ್ನು ತಿಂಗಳಿಗೆರಡು ಸಲ ಬೆಂಗಳೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ನೋಡಿ.

ನಿರ್ವಾಹಕ: ರೈಲು ಮಾರ್ಗದ ಚರ್ಚೆ ಬೇರೆ ದಿನ.

ವಿರಾಜಪೇಟೆ: ಹಳಿಗೆ ಬೇಲಿ, ಕೋವಿಗೆ ಠಾಣೆ, ಔಷಧಿಗೆ ಬೀಗ. ಸಾಯಲೇಬೇಕೆಂದವರು ಬೇರೆ ದಾರಿ ಹುಡುಕುವುದಿಲ್ಲವೇ ಡಾಕ್ಟರೇ?

ಡಾಕ್ಟರ್: ಎಲ್ಲರೂ ಹೀಗೇ ಹೇಳುತ್ತಾರೆ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಇಳಿಯಿತು. ಉಳಿದವರೆಲ್ಲ ಬೇರೆ ದಾರಿ ಹುಡುಕಿದ್ದರೆ ಇಳಿಯಬಾರದಿತ್ತು. ಒಮ್ಮೆ ಪ್ರಯತ್ನಿಸಿ ಉಳಿದ ಹತ್ತರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ತೋಟದ ಜಿಲ್ಲೆಯಲ್ಲಿ ಕುಳಿತು ನಾವು ಇದನ್ನು ತಿಳಿದಿರಬೇಕು.

ನಾಪೋಕ್ಲು: ನನ್ನ ತಮ್ಮ ಹೋದ ವರ್ಷ ಚಲಿಸುವ ರೈಲಿನಿಂದ ಬಿದ್ದು ಹೋದ. ಆತ್ಮಹತ್ಯೆ ಎಂದು ಬರೆದುಕೊಂಡರು. ಪರಿಹಾರ ಸಿಗುತ್ತದೆಯೇ?

ಡಾಕ್ಟರ್: ನಾನು ವಕೀಲೆಯಲ್ಲ. ನಿಮ್ಮ ತಮ್ಮನ ವಿಷಯ ಕೇಳಿ ಬೇಸರವಾಯಿತು.

ವಕೀಲೆ: ನಾನು ಹೇಳುತ್ತೇನೆ. ರೈಲ್ವೆ ಕಾಯ್ದೆಯ 124ಎ ಪ್ರಕಾರ ಟಿಕೆಟ್ ಪಡೆದ ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬಿದ್ದು ಸತ್ತರೆ 8 ಲಕ್ಷ. ಆತ್ಮಹತ್ಯೆಯಾದರೆ ಇಲ್ಲ, ಆದರೆ ಅದನ್ನು ರೈಲ್ವೆಯೇ ಸಾಬೀತು ಮಾಡಬೇಕು, ಪೊಲೀಸರು ಬರೆದುಕೊಂಡ ಮಾತ್ರಕ್ಕೆ ಮುಗಿಯಲಿಲ್ಲ. ಪರಿಹಾರದ ಅರ್ಜಿ ವಿಚಾರಿಸುವ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾಗಿದ್ದರೆ ಕಾರಣ ಕೊಟ್ಟು ಕೇಳಬಹುದು. ದಾಖಲೆ ತೆಗೆದಿಟ್ಟುಕೊಂಡು ನನಗೆ ಬರೆಯಿರಿ.

ಗೋಣಿಕೊಪ್ಪ ಬೆಳೆಗಾರ: ಡಾಕ್ಟರೇ, ಮನಸ್ಸಿನ ಕಾಯಿಲೆಯ ಮಾತ್ರೆ ಜೀವನಪೂರ್ತಿ…

ಡಾಕ್ಟರ್: ಮೇಲೆ ಓದಿ.

ಹೆಬ್ಬಾಲೆ: ಪೊಲೀಸ್ ಕೇಸು ಆಗುತ್ತದೆಯೇ ಎಂದು ಯಾರಾದರೂ ಹೇಳುತ್ತೀರಾ?

ಡಾಕ್ಟರ್: ಮೇಲೆ ಓದಿ ಎಂದೆ.

ಕಾಫಿ ಹೂ: ನನ್ನ ಸಂದೇಶ ಅಳಿಸಿದ್ದು ಯಾಕೆ? ನಮ್ಮ ಅಜ್ಜಿಯ ಕಾಲದ ಮದ್ದಿಗೆ ಅವಮಾನ.

ಡಾಕ್ಟರ್: ನಿಮ್ಮ ಅಜ್ಜಿ ಬ್ರಾಂಡಿಯನ್ನು ಕೆಮ್ಮಿಗೆ ಕೊಟ್ಟಿರಬಹುದು. ಮೂರು ಸಾವು ಕಂಡು ದಿನಾ ಮೂರು ಪೆಗ್ ಕುಡಿಯುತ್ತಿರುವ ಮನುಷ್ಯನಿಗೆ ಕೊಡುತ್ತಿರಲಿಲ್ಲ. ಈ ಮಾತನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಮೂರ್ನಾಡು: ನನ್ನ ಪ್ರಶ್ನೆ ಯಾರೂ ನೋಡಲೇ ಇಲ್ಲ.

ನಿರ್ವಾಹಕ: ಏಳು ಗಂಟೆಯಾಯಿತು. ಡಾಕ್ಟರ್‌ಗೆ ವಂದನೆಗಳು. ಮುಚ್ಚುತ್ತಿದ್ದೇನೆ.

ಶನಿವಾರಸಂತೆ ಅಕ್ಕ: ಮಾವನವರು ಕೋವಿ ತೆಗೆದುಕೊಂಡು ಠಾಣೆಗೆ ಹೋದರು. ನಾಳೆ ಎಷ್ಟು ಗಂಟೆಗೆ ಬರಲಿ? ಬರಲು ಒಪ್ಪುತ್ತಾರೋ ಇಲ್ಲವೋ ತಿಳಿಯದು.

ಡಾಕ್ಟರ್: ಒಂಬತ್ತೂವರೆಗೆ. ನಿದ್ದೆಗೆ ತೋರಿಸೋಣ ಎಂದು ಹೇಳಿ, ಅದು ಸುಳ್ಳಲ್ಲ. ರಾತ್ರಿ ಮತ್ತೆ ಸಾಯುವ ಮಾತು ಬಂದರೆ ಬೆಳಗಿನವರೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಿ. ಮೂರ್ನಾಡಿನವರೇ, ಈಗ ನೋಡಿದೆ. ನಿಮ್ಮ ಮೊಬೈಲ್ ಸಂಖ್ಯೆಯನ್ನು ನಿರ್ವಾಹಕರಿಗೆ ಕೊಡಿ, ಇಂದು ರಾತ್ರಿಯೇ ಕರೆ ಮಾಡುತ್ತೇನೆ. ಅಲ್ಲಿಯವರೆಗೆ ಅವನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳದಂತೆ ನೋಡಿಕೊಳ್ಳಿ.

ನಿವೃತ್ತ ಸುಬೇದಾರ್: ಶನಿವಾರಸಂತೆ ಅಕ್ಕ, ನನ್ನ ಬಳಿ ಜೀಪ್ ಇದೆ. ಸೋಮವಾರಪೇಟೆಯಿಂದ ಬೆಳಿಗ್ಗೆ ಹೊರಟರೆ ನಿಮ್ಮನ್ನು ಕರೆದುಕೊಂಡು ಒಂಬತ್ತೂವರೆಗೆ ಮಡಿಕೇರಿ ಮುಟ್ಟಬಹುದು. ದಾರಿಯಲ್ಲಿ ನಾನು ಏನೂ ಕೇಳುವುದಿಲ್ಲ.