600 ಆರ್‌ಪಿಎಂನಲ್ಲಿ ಎಂ6 ಟ್ಯಾಪಿಂಗ್: ನೋ-ಗೋ ಗೇಜ್ ಒಳಗೆ ಹೋಗುತ್ತಿದೆ

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು ಕೈಯಿಂದ ನಡೆಸುತ್ತಿದ್ದ ಬೆಂಚ್ ಮಿಲ್ಲಿಂಗ್ ಯಂತ್ರ. ಅದನ್ನು ನಾನೇ ಸಿಎನ್‌ಸಿಗೆ (ಕಂಪ್ಯೂಟರ್ ನಿಯಂತ್ರಣಕ್ಕೆ) ಪರಿವರ್ತಿಸಿದ್ದೇನೆ. ನಿಯಂತ್ರಣ ತಂತ್ರಾಂಶ ಲಿನಕ್ಸ್‌ಸಿಎನ್‌ಸಿ ಪ್ಯಾರಲಲ್ ಪೋರ್ಟ್ ಮೂಲಕ ನಡೆಯುತ್ತದೆ, ಬೇಸ್ ಪೀರಿಯಡ್ (ಎಷ್ಟು ಹೊತ್ತಿಗೊಮ್ಮೆ ಅದು ಪೋರ್ಟ್ ನೋಡುತ್ತದೆ ಎಂಬುದು) 40 ಮೈಕ್ರೋಸೆಕೆಂಡ್. ಉಪಕರಣವನ್ನು ಹಿಡಿದು ತಿರುಗಿಸುವ ಸ್ಪಿಂಡಲ್‌ಗೆ ವಿಎಫ್‌ಡಿ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಇದೆ. ಸ್ಪಿಂಡಲ್ ಎಷ್ಟು ತಿರುಗಿತೆಂದು ತಿಳಿಸುವ 500 ಲೈನ್‌ಗಳ ಎನ್‌ಕೋಡರನ್ನು ಹಲ್ಲಿನ ಬೆಲ್ಟ್ ಹಾಕಿ ಒಂದಕ್ಕೊಂದು ಅನುಪಾತದಲ್ಲಿ ಜೋಡಿಸಿದ್ದೇನೆ.

6061 ಅಲ್ಯೂಮಿನಿಯಂನಲ್ಲಿ 5 ಮಿಮೀ ಡ್ರಿಲ್‌ನಿಂದ 15 ಮಿಮೀ ಆಳದ, ತಳ ಮುಚ್ಚಿದ ರಂಧ್ರ ಕೊರೆದು, ಜಿ33.1 (ಸ್ಪಿಂಡಲ್‌ನ ಸುತ್ತಿಗೆ ತಕ್ಕಂತೆ ಝಡ್ ಅಕ್ಷವನ್ನು, ಅಂದರೆ ಮೇಲೆ ಕೆಳಗೆ ಚಲಿಸುವ ಅಕ್ಷವನ್ನು, ಇಳಿಸುವ ಆಜ್ಞೆ) ಬಳಸಿ 12 ಮಿಮೀ ಆಳದವರೆಗೆ ಎಂ6 ಟ್ಯಾಪ್ ಮಾಡುತ್ತಿದ್ದೇನೆ, ಅಂದರೆ 6 ಮಿಮೀ ಬೋಲ್ಟ್‌ಗೆ ಥ್ರೆಡ್ ಕೊರೆಯುತ್ತಿದ್ದೇನೆ. 600 ಆರ್‌ಪಿಎಂನಲ್ಲಿ ಮಾಡಿದ ರಂಧ್ರಗಳಲ್ಲಿ ನೋ-ಗೋ ಗೇಜ್ (ಸರಿಯಾದ ಥ್ರೆಡ್‌ನೊಳಗೆ ಹೋಗಬಾರದ ಅಳತೆ ಸಾಧನ) ನಾಲ್ಕೈದು ಸುತ್ತು ಒಳಗೆ ಹೋಗುತ್ತದೆ. ಒಂದು ತುಂಡನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದಾಗ ಥ್ರೆಡ್‌ನ ಒಂದು ಪಕ್ಕ ಕನ್ನಡಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಪಕ್ಕ ಮಾಸಲಾಗಿತ್ತು. ನಿನ್ನೆ ಒಂದು ಸ್ಪೈರಲ್ ಪಾಯಿಂಟ್ ಟ್ಯಾಪ್ ತಳದಲ್ಲೇ ಮುರಿಯಿತು. ಆದರೆ 200 ಆರ್‌ಪಿಎಂನಲ್ಲಿ ಥ್ರೆಡ್ ಚೆನ್ನಾಗಿಯೇ ಬರುತ್ತದೆ. ಝಡ್ ಅಕ್ಷದ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಾಗುವಾಗಿನ ಸಡಿಲ) 0.04 ಮಿಮೀ ಇದೆ. ಸ್ಪಿಂಡಲನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿದರೆ ಪರದೆಯಲ್ಲಿ ಸರಿಯಾಗಿ ಹತ್ತೇ ತೋರಿಸುತ್ತದೆ, ಹಾಗಾಗಿ ಎನ್‌ಕೋಡರ್ ಸರಿಯಿದೆ ಎಂದುಕೊಂಡಿದ್ದೇನೆ. ಝಡ್ ಅಕ್ಷವನ್ನು ಚಲಾಯಿಸುವ ಬಾಲ್ ಸ್ಕ್ರೂ ಬದಲಿಸಬೇಕೇ?

ಉತ್ತರ 1

ಬಾಲ್ ಸ್ಕ್ರೂಗೆ ಈಗಲೇ ಹಣ ಸುರಿಯಬೇಡಿ. ಟ್ಯಾಪ್ ಒಳಗೆ ಇಳಿಯುವಷ್ಟು ಹೊತ್ತೂ ಅಕ್ಷ ಒಂದೇ ದಿಕ್ಕಿಗೆ ಚಲಿಸುವುದರಿಂದ, ಬ್ಯಾಕ್‌ಲ್ಯಾಶ್ ತೊಂದರೆ ಕೊಡುವುದು ಮುಖ್ಯವಾಗಿ ತಳದಲ್ಲಿ ದಿಕ್ಕು ಬದಲಾಗುವಾಗ. ಅದು ವೇಗದ ಮೇಲೆ ನಿಂತಿರುವ ದೋಷವೂ ಅಲ್ಲ. ಡ್ರಿಲ್ ಮೇಲೂ ಅನುಮಾನ ಬೇಡ. ಎಂ6ರ 6ಎಚ್ (ಸಾಮಾನ್ಯವಾಗಿ ಬಳಸುವ ನಿಖರತೆಯ ದರ್ಜೆ) ಥ್ರೆಡ್‌ಗೆ ಒಳವ್ಯಾಸ 4.917ರಿಂದ 5.153 ಮಿಮೀವರೆಗೆ ಇರಬಹುದು, ಮತ್ತು ನೋ-ಗೋ ಥ್ರೆಡ್ ಗೇಜ್ ಪರೀಕ್ಷಿಸುವುದು ಆ ಒಳವ್ಯಾಸವನ್ನಲ್ಲ, ಥ್ರೆಡ್‌ನ ಪಕ್ಕಗಳ ನಡುಮಟ್ಟದಲ್ಲಿ ಅಳೆಯುವ ಪಿಚ್ ವ್ಯಾಸವನ್ನು. ಆ ಗೇಜ್ ಒಳಗೆ ಹೋಗುತ್ತಿದೆ ಎಂದರೆ ಥ್ರೆಡ್‌ನ ಪಕ್ಕಗಳೇ ಸವೆದಿವೆ. ಒಂದೇ ಪಕ್ಕ ಹೊಳೆಯುತ್ತಿದೆ ಎಂದು ನೀವು ಬರೆದಿರುವುದು ಬಹಳ ಮುಖ್ಯವಾದ ಸುಳಿವು: ಟ್ಯಾಪ್ ಒಂದು ಸುತ್ತಿಗೆ ಒಂದು ಮಿಮೀ ಇಳಿಯಬೇಕೆಂದರೆ ಝಡ್ ಅದನ್ನು ಹಿಂದಕ್ಕೆ ಹಿಡಿದೆಳೆಯುತ್ತಿದೆ, ಅಥವಾ ಮುಂದಕ್ಕೆ ದೂಡುತ್ತಿದೆ. ಟ್ಯಾಪ್ ಅದನ್ನು ಹಿಡಿದಿರುವ ಕೊಲೆಟ್‌ನೊಳಗೆ ಜಾರುತ್ತಿಲ್ಲವೇ ಎಂಬುದನ್ನೂ ನೋಡಿ. ಕೊಲೆಟ್‌ನ ಅಂಚಿಗೆ ಸರಿಯಾಗಿ ಟ್ಯಾಪ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಐದು ರಂಧ್ರಗಳ ನಂತರ ಗೆರೆ ಸರಿದಿದೆಯೇ ಗಮನಿಸಿ.

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಕಾರಣ ನಿಮ್ಮ ಲೆಕ್ಕದಲ್ಲೇ ಅಡಗಿದೆ. ಒಂದು ಲೈನ್‌ಗೆ ನಾಲ್ಕು ಅಂಚು ಎಣಿಸುವುದರಿಂದ 500 ಲೈನ್ ಎಂದರೆ ಒಂದು ಸುತ್ತಿಗೆ 2000 ಎಣಿಕೆ. 600 ಆರ್‌ಪಿಎಂ ಎಂದರೆ ಸೆಕೆಂಡಿಗೆ ಹತ್ತು ಸುತ್ತು, ಅಂದರೆ 20,000 ಎಣಿಕೆ. 40 ಮೈಕ್ರೋಸೆಕೆಂಡ್‌ಗೊಮ್ಮೆ ಪೋರ್ಟ್ ನೋಡುವ ಕಂಪ್ಯೂಟರ್ ಸೆಕೆಂಡಿಗೆ 25,000 ಸಲ ಮಾತ್ರ ನೋಡುತ್ತದೆ. ಎನ್‌ಕೋಡರ್‌ನ ಎ ಮತ್ತು ಬಿ ಸಂಕೇತಗಳ ಅಂಚುಗಳು ಎಂದಿಗೂ ಪೂರ್ತಿ ಸಮಾನ ಅಂತರದಲ್ಲಿ ಇರುವುದಿಲ್ಲ. ಎರಡು ಅಂಚುಗಳು ಒಂದು ನೋಟಕ್ಕೂ ಮುಂದಿನ ನೋಟಕ್ಕೂ ನಡುವೆಯೇ ಬಿದ್ದಾಗ ಎಣಿಕೆ ತಪ್ಪುತ್ತದೆ, ಝಡ್ ಅಷ್ಟರಮಟ್ಟಿಗೆ ಹಿಂದೆ ಬೀಳುತ್ತದೆ. 200 ಆರ್‌ಪಿಎಂನಲ್ಲಿ ಸೆಕೆಂಡಿಗೆ ಬರುವುದು ಸುಮಾರು 6,700 ಎಣಿಕೆ ಮಾತ್ರ, ಆದ್ದರಿಂದ ಅಲ್ಲಿ ದೋಷ ಕಾಣುವುದಿಲ್ಲ. ಕೈಯಿಂದ ತಿರುಗಿಸಿ ಮಾಡುವ ಪರೀಕ್ಷೆ ಜೋಡಣೆಯನ್ನು ಪರೀಕ್ಷಿಸುತ್ತದೆಯೇ ಹೊರತು ವೇಗವನ್ನಲ್ಲ. ಟ್ಯಾಪ್ ತೆಗೆದಿಟ್ಟು, ಸ್ಪಿಂಡಲನ್ನು 600ರಲ್ಲಿ ಓಡಿಸಿ, ಎರಡು ಇಂಡೆಕ್ಸ್ ಪಲ್ಸ್‌ಗಳ (ಸುತ್ತಿಗೊಮ್ಮೆ ಬರುವ ಸಂಕೇತ) ನಡುವೆ ಎಷ್ಟು ಎಣಿಕೆ ಬರುತ್ತದೆ ಎಂದು ಲಿನಕ್ಸ್‌ಸಿಎನ್‌ಸಿಯ ಸಂಕೇತ ತೋರಿಸುವ ಹಾಲ್‌ಸ್ಕೋಪ್‌ನಲ್ಲಿ ನೋಡಿ.

ಪ್ರಶ್ನೆ ಕೇಳಿದವರು

ನೋಡಿದೆ. ಟ್ಯಾಪ್ ಮೇಲಿನ ಗೆರೆ ಸರಿದಿಲ್ಲ, ಆದರೆ 2000 ಬರಬೇಕಾದಲ್ಲಿ ಕೆಲವು ಸುತ್ತಿಗೆ 1984, ಕೆಲವಕ್ಕೆ 1988 ಬರುತ್ತಿದೆ! 12 ಸುತ್ತಿಗೆ ಸುಮಾರು 168 ಎಣಿಕೆ ಕಳೆದುಹೋಗುತ್ತದೆ, ಅಂದರೆ 0.084 ಮಿಮೀ. ಹೆಚ್ಚು ಲೈನ್ ಇದ್ದಷ್ಟೂ ನಿಖರತೆ ಹೆಚ್ಚು ಎಂದು ನಂಬಿ ಈ ಎನ್‌ಕೋಡರ್ ಆರಿಸಿದ್ದೆ. ಇದಕ್ಕೆ ಪರಿಹಾರ ಮೆಸಾ ಕಾರ್ಡ್ ಒಂದೇ ಆಗಿದ್ದರೆ ಸ್ವಲ್ಪ ದಿನ ಕಾಯಬೇಕಾಗುತ್ತದೆ.

ಉತ್ತರ 2

ಕಾಯಬೇಕಾಗಿಲ್ಲ. ಎಣಿಕೆಯನ್ನು ಹಾರ್ಡ್‌ವೇರ್‌ನಲ್ಲೇ ಮಾಡುವ ಕಾರ್ಡ್ ಉತ್ತಮ ಎಂಬುದರಲ್ಲಿ ಸಂಶಯವಿಲ್ಲ, ಆದರೆ 100 ಲೈನ್ ಎನ್‌ಕೋಡರ್ ಹಾಕಿದರೂ ಒಂದು ಎಣಿಕೆಗೆ ಝಡ್ 0.0025 ಮಿಮೀ ಚಲಿಸುತ್ತದೆ. ಎಂ6ಗೆ ಅದು ಧಾರಾಳ ಸಾಕು. 600ರಲ್ಲೂ ಸೆಕೆಂಡಿಗೆ 4,000 ಎಣಿಕೆ ಮಾತ್ರ. ಎನ್‌ಕೋಡರ್ ಬದಲಿಸಿದ ಮೇಲೆ ಸ್ಕೇಲ್ ಮೌಲ್ಯವನ್ನು (ಒಂದು ಸುತ್ತಿಗೆ ಎಷ್ಟು ಎಣಿಕೆ ಎಂಬುದನ್ನು) 400ಕ್ಕೆ ತಿದ್ದುವುದನ್ನು ಮರೆಯಬೇಡಿ.

ಉತ್ತರ 3

ಮುರಿದ ಟ್ಯಾಪ್ ಬಗ್ಗೆ ಯಾರೂ ಹೇಳಲಿಲ್ಲ. ಜಿ33.1ರಲ್ಲಿ ನೀವು ಕೊಟ್ಟ ಆಳ ತಲುಪಿದಾಗ ಸ್ಪಿಂಡಲ್‌ಗೆ ಹಿಂತಿರುಗುವ ಆಜ್ಞೆ ಹೋಗುತ್ತದೆ ಅಷ್ಟೇ. ಅದು ನಿಂತು ದಿಕ್ಕು ಬದಲಿಸುವವರೆಗೆ ಝಡ್ ಅದರ ಜೊತೆಗೇ ಇನ್ನೂ ಕೆಳಗೆ ಹೋಗುತ್ತದೆ. ನಿಮ್ಮ ವಿಎಫ್‌ಡಿ 600ರಿಂದ ನಿಲ್ಲಲು ಅರ್ಧ ಸೆಕೆಂಡ್ ತೆಗೆದುಕೊಂಡರೆ ಎರಡೂವರೆ ಸುತ್ತು, ಅಂದರೆ 2.5 ಮಿಮೀ ಹೆಚ್ಚುವರಿ ಇಳಿತ. 12 ಇದ್ದದ್ದು 14.5 ಆಯಿತು. ಸ್ಪೈರಲ್ ಪಾಯಿಂಟ್ ಟ್ಯಾಪ್ ಚಿಪ್ಸ್ ಅನ್ನು ಕೆಳಕ್ಕೆ ತಳ್ಳುತ್ತದೆ, ಅದು ಆರಪಾರ ರಂಧ್ರಕ್ಕೆ ಹೇಳಿ ಮಾಡಿಸಿದ್ದು. ನಿಮ್ಮ 15 ಮಿಮೀ ರಂಧ್ರದ ತಳದಲ್ಲಿ ಚಿಪ್ಸ್ ಗಟ್ಟಿಯಾಗಿ ಒತ್ತಿಕೊಂಡಿದ್ದಲ್ಲಿಗೆ ಟ್ಯಾಪ್ ತುದಿ ಹೋಗಿ ಗುದ್ದಿದೆ. ತಳ ಮುಚ್ಚಿದ ರಂಧ್ರಕ್ಕೆ ಚಿಪ್ಸ್ ಅನ್ನು ಮೇಲಕ್ಕೆ ತರುವ ಸ್ಪೈರಲ್ ಫ್ಲೂಟ್ ಟ್ಯಾಪ್ ಬಳಸಿ. ವೇಗವನ್ನು 300ಕ್ಕೆ ಇಳಿಸಿದರೆ, ನಿಧಾನಗೊಳ್ಳುವ ದರ ಅದೇ ಇದ್ದಲ್ಲಿ, ಈ ಹೆಚ್ಚುವರಿ ಇಳಿತ ಕಾಲುಭಾಗಕ್ಕೆ, ಸುಮಾರು 0.6 ಮಿಮೀಗೆ ಇಳಿಯುತ್ತದೆ. ಹಾಗೆಯೇ ಝಡ್ ವೇಗ ಹಿಡಿಯಲು ಜಾಗ ಸಿಗುವಂತೆ ರಂಧ್ರದ ಬಾಯಿಗಿಂತ ಮೂರು ನಾಲ್ಕು ಮಿಮೀ ಮೇಲಿನಿಂದ ಶುರುಮಾಡಿ.

ಪ್ರಶ್ನೆ ಕೇಳಿದವರು

100 ಲೈನ್ ಎನ್‌ಕೋಡರ್, ಸ್ಪೈರಲ್ ಫ್ಲೂಟ್ ಟ್ಯಾಪ್, 300 ಆರ್‌ಪಿಎಂ, 4 ಮಿಮೀ ಮೇಲಿನಿಂದ ಆರಂಭ. ಇಂದು ಹನ್ನೆರಡು ರಂಧ್ರ ಮಾಡಿದೆ. ಎಲ್ಲದರಲ್ಲೂ ಗೋ ಗೇಜ್ ಬೆರಳಿನಲ್ಲೇ ತಿರುಗಿ ತಳ ಮುಟ್ಟಿತು, ನೋ-ಗೋ ಒಂದು ಸುತ್ತಿನೊಳಗೆ ನಿಂತಿತು. ಸಮಯ ಕೊಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು.