ಕಾಫಿ ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಕೀ ಬದಲಿಸಿದವರು ಇದ್ದೀರಾ?

ಕುಶಾಲನಗರದಿಂದ:
ಕಾಫಿ ಖರೀದಿ ಅಂಗಡಿಗೆ ಸಿ ಶಾರ್ಪ್ ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಂ ಬರೆಯುವ ಸಾಧನ) ಬಿಲ್ಲಿಂಗ್ ಪ್ರೋಗ್ರಾಂ ಮಾಡುತ್ತಿದ್ದೇನೆ. ಚೀಲ, ತೂಕ, ಔಟ್‌ಟರ್ನ್ (ಒಣ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ಹಾಕುವವರ ಬಲಗೈ ನಂಬರ್ ಪ್ಯಾಡ್ ಬಿಟ್ಟು ಏಳುವುದಿಲ್ಲ. ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು, ಪ್ಲಸ್ ಒತ್ತಿದರೆ ಬಿಲ್ ಸೇವ್ ಆಗಬೇಕು. ಕೋಡ್‌ನಲ್ಲೇ ಹೇಗೆ ಮಾಡುವುದು?

ಮಡಿಕೇರಿಯಿಂದ:
ಸರ್, ಹುಡುಕಿದರೆ ಮೊದಲು ಕೀಬೋರ್ಡ್ ಹುಕ್ ಸಿಗುತ್ತದೆ, ಅದಕ್ಕೆ ಕೈ ಹಾಕಬೇಡಿ. ಅದು ನಿಮ್ಮ ಪ್ರೋಗ್ರಾಂ ಮಾತ್ರ ಅಲ್ಲ, ಇಡೀ ವಿಂಡೋಸ್‌ನಲ್ಲಿ ಒತ್ತಿದ ಕೀಗಳನ್ನೆಲ್ಲ ಹಿಡಿಯುತ್ತದೆ, ಪಕ್ಕದಲ್ಲಿ ಎಕ್ಸೆಲ್ ತೆರೆದಿದ್ದರೆ ಅಲ್ಲಿಯ ಎಂಟರ್ ಕೂಡ ನೀವೇ ನೋಡಿಕೊಳ್ಳಬೇಕು. ತಡವಾಗಿ ಉತ್ತರ ಕೊಡುವ ಹುಕ್ಕನ್ನು ವಿಂಡೋಸ್ ಸದ್ದಿಲ್ಲದೆ ಕಿತ್ತುಹಾಕುವುದೂ ಉಂಟು. ಫಾರ್ಮ್‌ನಲ್ಲಿ ಪ್ರೊಸೆಸ್‌ಸಿಎಂಡಿಕೀ ಓವರ್‌ರೈಡ್ ಮಾಡಿ, ಅಂದರೆ ಒತ್ತಿದ ಕೀ ಖಾನೆಗೆ ತಲುಪುವ ಮೊದಲು ನೋಡುವ ಆ ಫಂಕ್ಷನ್‌ಗೆ ನಿಮ್ಮದೇ ಕೋಡ್ ಕೊಡಿ. ಎಂಟರ್ ಬಂದರೆ ಮುಂದಿನ ಖಾನೆಗೆ ಒಯ್ಯುವ ಸೆಲೆಕ್ಟ್‌ನೆಕ್ಸ್ಟ್‌ಕಂಟ್ರೋಲ್ ಕರೆದು ಟ್ರೂ (ಈ ಕೀ ಕೆಲಸ ಮುಗಿಯಿತು ಎಂದು) ವಾಪಸ್ ಕೊಡಿ, ಅಷ್ಟೇ. ಫೋಕಸ್ ಬಟನ್ ಮೇಲಿದ್ದರೆ ಮಾತ್ರ ಹಾಗೇ ಬಿಡಿ, ಇಲ್ಲದಿದ್ದರೆ ಬಟನ್ ಎಂಟರ್‌ಗೆ ಬಗ್ಗುವುದಿಲ್ಲ.

ವಿರಾಜಪೇಟೆಯಿಂದ:
ವಿಂಡೋಸ್ ರಿಜಿಸ್ಟ್ರಿಯಲ್ಲಿ ಒಂದು ಕೀಯನ್ನು ಇನ್ನೊಂದಾಗಿ ಬದಲಿಸುವ ಸ್ಕ್ಯಾನ್‌ಕೋಡ್ ಮ್ಯಾಪ್ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ನಮ್ಮಲ್ಲಿ ಕೆಟ್ಟುಹೋದ ಒಂದು ಕೀಗೆ ಬೇರೆ ಕೀ ಕೊಡಲು ಅದು ಚೆನ್ನಾಗಿ ಉಪಯೋಗಕ್ಕೆ ಬಂತು. ಆದರೆ ಬದಲಾದದ್ದು ಇಡೀ ಕಂಪ್ಯೂಟರ್‌ಗೆ, ಅದೂ ರೀಸ್ಟಾರ್ಟ್ ಆದ ಮೇಲೆ. ಒಂದು ಪ್ರೋಗ್ರಾಂಗೆ ಅದು ಬೇಡ.

ಸೋಮವಾರಪೇಟೆಯಿಂದ:
ಮಡಿಕೇರಿಯವರು ಹೇಳಿದ್ದೇ ಸರಿ. ಆದರೆ ಪ್ಲಸ್ ಕೀ ವಿಷಯದಲ್ಲಿ ಹುಷಾರು. ನಂಬರ್ ಪ್ಯಾಡ್‌ನ ಪ್ಲಸ್ ಕೋಡ್‌ನಲ್ಲಿ ಕೀಸ್ ಡಾಟ್ ಆ್ಯಡ್, ಮೇಲಿನ ಸಾಲಿನದು ಓಇಎಂಪ್ಲಸ್, ಎರಡೂ ಬೇರೆ ಬೇರೆ. ಹಾಗಾಗಿ ಷರಾ ಬರೆಯುವಾಗ ಮೇಲಿನ ಪ್ಲಸ್ ಎಂದಿನಂತೆ ಬರುತ್ತದೆ. ಎರಡು ಎಂಟರ್‌ಗಳಿಗೆ ಮಾತ್ರ ಕೋಡ್ ಒಂದೇ. ಬೇರ್ಪಡಿಸಲೇಬೇಕಾದರೆ ಕೀ ಒತ್ತಿದಾಗ ವಿಂಡೋಸ್ ಕಳಿಸುವ ಮೆಸೇಜ್‌ನ ಎಲ್‌ಪ್ಯಾರಮ್ ಎಂಬ ಸಂಖ್ಯೆಯಲ್ಲಿ 24ನೇ ಬಿಟ್ ನೋಡಿ, ಅದು 1 ಇದ್ದರೆ ನಂಬರ್ ಪ್ಯಾಡ್‌ನದು.

ಇನ್ನೊಂದು ಬಹಳ ಮುಖ್ಯ. ರೊಬಸ್ಟಾ ಸೀಸನ್‌ನಲ್ಲಿ ಅಂಗಡಿ ಮುಂದೆ ಜೀಪುಗಳು ಸಾಲು ನಿಂತಿರುವಾಗ ಯಾರಾದರೂ ಪ್ಲಸ್ ಸ್ವಲ್ಪ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಕೀ ರಿಪೀಟ್ ಆಗಿ ಒಂದೇ ಬಿಲ್ ಎರಡೆರಡು ಸಲ ಸೇವ್ ಆಗಬಹುದು, ಬೆಳೆಗಾರರ ದುಡ್ಡಿನ ವಿಷಯ ಅಲ್ವಾ. ಅದೇ ಎಲ್‌ಪ್ಯಾರಮ್‌ನ 30ನೇ ಬಿಟ್ 1 ಇದ್ದರೆ ಕೀ ಮೊದಲೇ ಒತ್ತಿಕೊಂಡೇ ಇತ್ತು ಎಂದರ್ಥ, ಸೇವ್ ಮಾಡದೆ ಸುಮ್ನೆ ಟ್ರೂ ಕೊಟ್ಟುಬಿಡಿ.

ಕುಶಾಲನಗರದಿಂದ:
ತುಂಬಾ ಉಪಕಾರ ಆಯಿತು. ಚೀಲಗಳ ಪಟ್ಟಿ ಡೇಟಾಗ್ರಿಡ್‌ವ್ಯೂನಲ್ಲಿದೆ (ಸಾಲು, ಕಾಲಂಗಳ ಕೋಷ್ಟಕ), ಅದರೊಳಗೂ ಇದೇ ನಡೆಯುತ್ತದಾ?

ಸೋಮವಾರಪೇಟೆಯಿಂದ:
ಇಲ್ಲ, ಎಂಟರ್ ಒತ್ತಿದರೆ ಫೋಕಸ್ ಗ್ರಿಡ್‌ನಿಂದಲೇ ಹೊರಗೆ ಹಾರುತ್ತದೆ. ಫೋಕಸ್ ಗ್ರಿಡ್‌ನಲ್ಲಿದ್ದರೆ ಕರೆಂಟ್‌ಸೆಲ್ (ಈಗ ಆಯ್ಕೆಯಾಗಿರುವ ಸೆಲ್) ಅನ್ನು ಪಕ್ಕದ ಸೆಲ್‌ಗೆ ಸರಿಸಿ, ಕೊನೆಯ ಕಾಲಂ ಆದರೆ ಕೆಳಗಿನ ಸಾಲಿನ ಮೊದಲ ಸೆಲ್‌ಗೆ.